ಆರ್ಸ್: 230 ಜನರ ಊರು



ಮಕ್ಕಳು ಪಟ್ಟಣ ಸೇರಿ ನಮ್ಮ ಧರ್ಮಕೇಂದ್ರದ ಕುಟುಂಬಗಳು ಕಡಿಮೆಯಾಗುತ್ತಿವೆಯೆಂದು ಈ ಶತಮಾನೋತ್ಸವದ ವೇಳೆಯಲ್ಲಿಯೂ ಹಲವರು ಕೊರಗುತ್ತಾರೆ. ಅವರೊಡನೆ ಫ್ರಾನ್ಸ್ ದೇಶದ ಒಂದು ಪುಟ್ಟ ಗ್ರಾಮವನ್ನು ಸ್ಮರಿಸಬಯಸುತ್ತೇನೆ.

ಲಿಯೋನ್ ನಗರದ ಉತ್ತರಕ್ಕೆ, ಸೋನ್ ನದಿಯನ್ನು ಸೇರುವ ಫಾರ್ಮಾನ್ ಎಂಬ ಕಿರುಹೊಳೆಯ ದಡದಲ್ಲಿದೆ ಆರ್ಸ್. 1818ರಲ್ಲಿ ಸಂತ ಜಾನ್ ಮರಿಯ ವಿಯಾನ್ನಿಯವರು ಗುರುಗಳಾಗಿ ಬಂದಾಗ ಅಲ್ಲಿದ್ದವರು ಸುಮಾರು 230 ಮಂದಿ. 1789ರ ಮಹಾಕ್ರಾಂತಿಯ ನಂತರದ ವರ್ಷಗಳಲ್ಲಿ ದೇವಾಲಯಗಳು ಮುಚ್ಚಿದ್ದುದರಿಂದ ಧರ್ಮೋಪದೇಶವೂ ಕ್ಷೀಣಿಸಿತ್ತು. ಅವರು 1824ರಲ್ಲಿ ಹೆಣ್ಣುಮಕ್ಕಳ ಶಾಲೆಯೊಂದನ್ನು ತೆರೆದರು. ದಿನದ ಬಹುಪಾಲು ಪಾಪನಿವೇದನೆಯ ಪೀಠದಲ್ಲಿಯೇ ಕಳೆದರು. 1859ರಲ್ಲಿ ಅವರು ದೈವಾಧೀನರಾಗುವ ಹೊತ್ತಿಗೆ ವರ್ಷಕ್ಕೆ ಹತ್ತಾರು ಸಾವಿರ ಯಾತ್ರಿಕರು ಬರುತ್ತಿದ್ದರು. 1925ರಲ್ಲಿ ಅವರಿಗೆ ಸಂತ ಪದವಿ ದೊರೆಯಿತು.

ಮುಂದೆ ಅಲ್ಲಿ ಮಹಾದೇವಾಲಯ ಎದ್ದಾಗಲೂ ಹಳೆಯ ದೇವಾಲಯದ ಗೋಪುರವನ್ನು ಉಳಿಸಿಕೊಂಡರು. ಯಾತ್ರಿಕರು ಎಷ್ಟು ಬಂದರೂ ಆರ್ಸ್ ಪಟ್ಟಣವಾಗಲಿಲ್ಲ. ಇಂದಿಗೂ ಅದರ ಜನಸಂಖ್ಯೆ ಸಾವಿರವನ್ನು ತುಸು ಮೀರಿದೆ, ಅಷ್ಟೇ.

ಆದುದರಿಂದ, ಪ್ರಿಯರೇ, ನಾವೆಷ್ಟು ಮಂದಿ ಎಂದು ಎಣಿಸುವುದು ಸಾಕು. ಇರುವವರಲ್ಲಿ ಯಾರ ಮನೆಬಾಗಿಲಿಗೆ ನಾವು ಇನ್ನೂ ಹೋಗಿಲ್ಲವೆಂದು ಕೇಳಿಕೊಳ್ಳೋಣ. ಆ ಪ್ರಶ್ನೆಗೆ ಮೊದಲು ಉತ್ತರಿಸಬೇಕಾದವನು ನಿಮ್ಮ ಗುರುವಾದ ನಾನೇ.