ಕಿರಿದರಲ್ಲಿ ಹಿರಿಯ ದಾಸೋಹ



ಮಠದ ಉತ್ಸವಕಾಲದಲ್ಲಿ ಮಹಾದಾಸೋಹದ ಮಹಿಮೆಯನ್ನು ಕೊಂಡಾಡುವುದು ಸಹಜವೇ ಸರಿ. ಸಹಸ್ರಾರು ಜನರು ಒಂದೇ ಪಂಕ್ತಿಯಲ್ಲಿ ಕುಳಿತು ಪ್ರಸಾದವನ್ನು ಸ್ವೀಕರಿಸುವ ನೋಟವು ಕಣ್ಣಿಗೆ ಹಬ್ಬವು. ಆದರೆ ಈ ಹೆಮ್ಮರದ ಬೀಜವೆಲ್ಲಿದೆಯೆಂದು ವಿಚಾರಿಸಿದರೆ, ಅದು ಗೃಹಸ್ಥನ ಹೊಸ್ತಿಲಲ್ಲಿಯೇ ದೊರೆಯುತ್ತದೆ; ಹೆಸರರಿಯದ ದಾರಿಗನಿಗೆ ನೀಡಿದ ಒಂದು ತಂಬಿಗೆ ನೀರಿನಲ್ಲಿ ದೊರೆಯುತ್ತದೆ.

ಬೇಸಗೆಯಲ್ಲಿ ದಾರಿಯ ಬದಿಗೆ ಅರವಟ್ಟಿಗೆಯನ್ನಿಡುವ ಪದ್ಧತಿಯು ಕನ್ನಡನಾಡಿನಲ್ಲಿ ಪ್ರಾಚೀನವಾದುದು. ಶಿಲಾಶಾಸನಗಳಲ್ಲಿ ಕೆರೆ, ದೇಗುಲ, ಸತ್ರಗಳೊಡನೆ ‘ಅರವಂಟಿಗೆ’ಯೂ ಧರ್ಮಕಾರ್ಯವೆಂದು ಎಣಿಸಲ್ಪಟ್ಟಿದೆ. ಆದರೆ ಕುಲವನ್ನು ಕೇಳಿ ದೂರದಿಂದ ಎರೆದ ನೀರೂ ಈ ನಾಡಿನಲ್ಲಿ ಉಂಟು. ಅಂತಹ ನೀರು ಗಂಟಲನ್ನು ತಣಿಸಿದರೂ ಮನಸ್ಸನ್ನು ಸುಡುತ್ತದೆ. ಆದುದರಿಂದ ಏನನ್ನು ಕೊಟ್ಟನೆಂಬುದಕ್ಕಿಂತಲೂ ಹೇಗೆ ಕೊಟ್ಟನೆಂಬುದೇ ಹೆಚ್ಚು ವಿಚಾರಣೀಯವು.

ದಾಸೋಹವೆಂಬ ಶಬ್ದಕ್ಕೆ ‘ನಾನು ದಾಸನು’ ಎಂದರ್ಥ. ದಾನದಲ್ಲಿ ಕೊಡುವವನ ಕೈ ಮೇಲೆ, ಕೊಳ್ಳುವವನ ಕೈ ಕೆಳಗೆ. ದಾಸೋಹದಲ್ಲಿಯಾದರೋ ನೀಡುವವನೇ ಬಾಗಿ ನಿಲ್ಲುವನು. ಬಂದವನು ಯಾರೇ ಆಗಿರಲಿ, ತಲೆಯೆತ್ತಿಯೇ ಉಣ್ಣುವನು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಆಯ್ದಕ್ಕಿ ಮಾರಯ್ಯನು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸಿದನು. ಒಂದು ದಿನ ಅಗತ್ಯಕ್ಕಿಂತ ಹೆಚ್ಚಾಗಿ ತಂದಾಗ, ಸತಿ ಲಕ್ಕಮ್ಮನು ಅದನ್ನು ಹಿಂದಿರುಗಿಸಿ ಬರುವಂತೆ ಹೇಳಿದಳೆಂಬ ಕಥೆಯು ಪ್ರಸಿದ್ಧವಾಗಿದೆ. ಅಲ್ಪವಾದರೂ ಸ್ವಂತ ಕಾಯಕದ್ದಾಗಿರಬೇಕೆಂಬುದೇ ಅದರ ತಾತ್ಪರ್ಯವು.

ಉತ್ತರ ಕರ್ನಾಟಕದ ಅನೇಕ ಮಠಗಳ ಪಾಠಶಾಲೆಗಳು ಕಂತಿಭಿಕ್ಷೆಯಿಂದಲೇ ಬೆಳೆದವು. ಜೋಳಿಗೆಯೊಡ್ಡಿ ನಿಂತ ವಟುವಿನ ಊರು ಯಾವುದೆಂದು ತಿಳಿಯದ ತಾಯಿಯು, ಮನೆಯವರಿಗೆಂದು ಸುಟ್ಟ ರೊಟ್ಟಿಯಲ್ಲಿ ಒಂದನ್ನು ತೆಗೆದು ಹಾಕಿದಳು. ತುಮಕೂರಿನ ಸಿದ್ಧಗಂಗೆಯಲ್ಲಿ 1941ರಿಂದ 2019ರ ವರೆಗೆ ಮಠಾಧ್ಯಕ್ಷರಾಗಿದ್ದ ಶ್ರೀ ಶಿವಕುಮಾರ ಸ್ವಾಮಿಗಳು ಜಾತಿಭೇದವಿಲ್ಲದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನಿತ್ತುದಕ್ಕೂ ಗ್ರಾಮಗ್ರಾಮಗಳ ಭಕ್ತರ ಧಾನ್ಯವೇ ಆಧಾರವಾಗಿತ್ತು.

ಇಲ್ಲಿಯೇ ಒಂದು ಅಪಾಯವೂ ಇದೆ. ಮಠದ ಒಲೆಯು ದೊಡ್ಡದಾದಷ್ಟೂ ಮನೆಯ ಬಾಗಿಲು ಕಿರಿದಾಗಬಾರದು. ಮಠಕ್ಕೆ ಅಕ್ಕಿಯ ಚೀಲವನ್ನು ಕಳುಹಿಸಿದವನು ಅದೇ ದಿನ ಬಾಗಿಲಿಗೆ ಬಂದವನನ್ನು ಗದರಿಸಿ ಅಟ್ಟಿದರೆ, ಆ ಚೀಲವು ದಾಸೋಹವೆನಿಸಲಾರದು. ಮಠವು ಭಕ್ತನಿಗೆ ದಾರಿಯನ್ನು ತೋರಬಲ್ಲುದು. ಅವನ ಬದಲಿಗೆ ದಯೆಯನ್ನು ತಾಳಲಾರದು.

ಈ ಸೇವೆಗೆ ದ್ರವ್ಯವು ಬೇಕಿಲ್ಲ. ಬಸ್ಸಿನ ಫಲಕವನ್ನೋದಲಾರದ ವೃದ್ಧೆಗೆ ಊರಿನ ಹೆಸರನ್ನು ಓದಿ ಹೇಳುವುದು. ಆಸ್ಪತ್ರೆಯಲ್ಲಿ ದಿಕ್ಕುಗಾಣದೆ ನಿಂತವನನ್ನು ವೈದ್ಯರ ಕೊಠಡಿಯವರೆಗೆ ಕರೆದೊಯ್ಯುವುದು. ಬಿಸಿಲಲ್ಲಿ ಬಂದ ಕೂಲಿಯವನಿಗೆ ಮನೆಯವರು ಕುಡಿಯುವ ಲೋಟದಲ್ಲಿಯೇ ನೀರು ಕೊಡುವುದು. ಇವುಗಳನ್ನು ಯಾವ ಲೆಕ್ಕದ ಪುಸ್ತಕದಲ್ಲಿಯೂ ಬರೆಯುವವರಿಲ್ಲ. ಬರೆಯದಿರುವುದರಿಂದಲೇ ಇವು ಶುದ್ಧವಾಗಿ ಉಳಿಯುತ್ತವೆ. ಜಂಗಮವು ಯಾವ ರೂಪದಿಂದ ಬಂದೀತೆಂಬುದನ್ನು ಅರಿತವರಾರು?