ಹೆಗಲಿಗೊಪ್ಪುವ ರೈಫಲು

ಅಮೆರಿಕದ ಕೌಬಾಯ್ ಚಿತ್ರಗಳನ್ನು ನೋಡಿದವರಿಗೆಲ್ಲ ಲಿವರ್ ರೈಫಲಿನ ಪರಿಚಯ ಉಂಟು. ಹೆಸರು ತಿಳಿಯದಿರಬಹುದು, ಅಷ್ಟೆ. ಹಿಡಿಯ ಕೆಳಗೆ ಬೆರಳುಗಳು ತೂರುವಂಥ ಒಂದು ಉಕ್ಕಿನ ಬಳೆ ಇರುತ್ತದೆ. ಅದನ್ನು ಕೆಳಕ್ಕೆ ತಳ್ಳಿ ಮತ್ತೆ ಮೇಲಕ್ಕೆಳೆದರೆ ಸುಟ್ಟ ತೋಟೆ ಹಾರಿ ಹೊರಬೀಳುತ್ತದೆ, ಹೊಸ ತೋಟೆ ನಳಿಗೆಯನ್ನು ಸೇರುತ್ತದೆ. 1939ರ ‘ಸ್ಟೇಜ್‌ಕೋಚ್’ ಚಿತ್ರದಲ್ಲಿ ಜಾನ್ ವೇಯ್ನ್ ಈ ಕೋವಿಯನ್ನು ಒಂದೇ ಕೈಯಲ್ಲಿ ಗಿರ್ರನೆ ತಿರುಗಿಸಿ ತೋಟೆ ಏರಿಸುತ್ತಾನೆ. ಹಾಗೆ ತಿರುಗಿಸುವುದಕ್ಕೆಂದೇ ಆ ಬಳೆಯನ್ನು ದೊಡ್ಡದಾಗಿ ಮಾಡಿಸಿದ್ದರು. ಚಿತ್ರಕ್ಕೆ ಅದು ಸೊಗಸು. ಚಳಿಗಾಲದಲ್ಲಿ ದಪ್ಪ ಕೈಚೀಲ ತೊಡುವವರಿಗೂ ಅನುಕೂಲ. ಉಳಿದವರಿಗೆ ಅಗಲವಾದ ಬಳೆಯಿಂದ ಕೈ ಸಡಿಲವಾಗುವುದೇ ಹೊರತು ಗುರಿ ಹತ್ತಿರವಾಗುವುದಿಲ್ಲ. ಹೀಗಿದ್ದರೂ ಈ ರೈಫಲನ್ನು ಕೊಂಡವರು ಅನೇಕರು ಮೊದಲು ಬದಲಾಯಿಸುವುದು ಈ ಬಳೆಯನ್ನೇ!

ಇಲ್ಲಿ ಹೇಳಹೊರಟಿರುವುದು ಬೇಟೆಯ ಮಾತಲ್ಲ. ಕಾಗದದ ಗುರಿಗೋ ಉಕ್ಕಿನ ತಗಡಿಗೋ ವಿನೋದಕ್ಕಾಗಿ ಗುಂಡು ಹಾರಿಸುವವನು ಲಿವರ್ ರೈಫಲನ್ನು ಹೇಗೆ ಆರಿಸಬೇಕು, ಆರಿಸಿದ ಮೇಲೆ ತನ್ನ ಮೈಗೂ ಕಣ್ಣಿಗೂ ಹೇಗೆ ಹೊಂದಿಸಿಕೊಳ್ಳಬೇಕು ಎಂಬುದು. ಇದು ಹುಟ್ಟಿದ್ದೂ ಬೆಳೆದದ್ದೂ ಅಮೆರಿಕದಲ್ಲಿ. ಆದುದರಿಂದ ಅಲ್ಲಿನ ಅಂಗಡಿ, ಅಲ್ಲಿನ ಕಾಯಿದೆಗಳನ್ನು ಹಿಡಿದೇ ಮಾತನಾಡಬೇಕಾಗುತ್ತದೆ. ಕೈಲ್‌ಪೊಳ್ದಿನ ದಿನ ಕೊಡಗಿನಲ್ಲಿ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವುದನ್ನು ಕಂಡವರಿಗೆ ಈ ವಿನೋದದ ರುಚಿಯನ್ನು ವಿವರಿಸಬೇಕಾಗಿಲ್ಲ. ಇನ್ನು ನಿಮ್ಮ ಮನೆಯ ಮಗನೋ ಅಳಿಯನೋ ಅಲ್ಲಿ ಉದ್ಯೋಗದಲ್ಲಿದ್ದು, ‘ಶನಿವಾರ ಗೆಳೆಯರ ಜೊತೆ ಶೂಟಿಂಗ್ ರೇಂಜಿಗೆ ಹೋಗುತ್ತೇನೆ’ ಎಂದು ಫೋನಿನಲ್ಲಿ ಹೇಳಿದ್ದರೆ, ಕೋವಿಯ ಮಾತಿಗಿಂತ ಮುಂಚೆ ಕಾಯಿದೆಯ ಮಾತೊಂದನ್ನು ಅವನ ಕಿವಿಗೆ ಹಾಕಿ. ಎಚ್-1ಬಿ ಮೊದಲಾದ ತಾತ್ಕಾಲಿಕ ವೀಸಾದ ಮೇಲಿರುವವರು ಕೋವಿಯನ್ನಾಗಲಿ ತೋಟೆಯನ್ನಾಗಲಿ ಹೊಂದಿರಕೂಡದೆಂದು ಅಲ್ಲಿನ ಕೇಂದ್ರ ಕಾಯಿದೆ 1998ರಿಂದ ವಿಧಿಸಿದೆ. ರೇಂಜಿನಲ್ಲಿ ಬಾಡಿಗೆಗೆ ಪಡೆದು ಹಿಡಿಯುವುದೂ ಇದರೊಳಗೇ ಬರುತ್ತದೆ. ಅಲ್ಲಿನ ಯಾವುದಾದರೊಂದು ರಾಜ್ಯದ ಬೇಟೆಯ ಪರವಾನಗಿ ಪಡೆದಿರುವುದೇ ಮೊದಲಾದ ಕೆಲವು ವಿನಾಯಿತಿಗಳು ಮಾತ್ರ ಉಂಟು. ಗ್ರೀನ್ ಕಾರ್ಡು ಉಳ್ಳವರಿಗೆ ಈ ತಡೆ ಇಲ್ಲ. ಗೆಳೆಯರು ಕರೆದರೆಂದು ಹೋಗಿ ಎರಡು ಗುಂಡು ಹಾರಿಸಿದ್ದಕ್ಕೆ ಉದ್ಯೋಗವನ್ನೂ ವಾಸವನ್ನೂ ಕಳೆದುಕೊಳ್ಳುವ ಪ್ರಸಂಗ ಯಾರಿಗೆ ಬೇಕು?

ಈ ರೈಫಲಿನ ಚರಿತ್ರೆಯಲ್ಲಿ ಒಂದು ಸ್ವಾರಸ್ಯವಿದೆ. ಅದನ್ನು ಲೋಕಕ್ಕೆಲ್ಲ ಪರಿಚಯಿಸಿದ ಆಲಿವರ್ ವಿಂಚೆಸ್ಟರ್ ಕಮ್ಮಾರನೂ ಅಲ್ಲ, ಸಿಪಾಯಿಯೂ ಅಲ್ಲ. ಅಂಗಿ ಹೊಲಿಸಿ ಮಾರುವ ವರ್ತಕ. ಅಂಗಿ ಕುತ್ತಿಗೆಯನ್ನು ಎಳೆಯದೆ ಹೆಗಲಿನ ಮೇಲೆ ಸರಿಯಾಗಿ ಕೂಡುವಂತೆ ಕತ್ತರಿಸುವ ಕ್ರಮಕ್ಕೆ 1848ರಲ್ಲಿ ಪೇಟೆಂಟು ಪಡೆದವನು. ಅವನ ಕಾರ್ಖಾನೆಯಲ್ಲಿದ್ದ ಬೆಂಜಮಿನ್ ಟೈಲರ್ ಹೆನ್ರಿ 1860ರಲ್ಲಿ ಹದಿನಾರು ಗುಂಡಿನ ಲಿವರ್ ರೈಫಲಿಗೆ ಪೇಟೆಂಟು ಪಡೆದ. 1866ರಿಂದ ವಿಂಚೆಸ್ಟರನ ಹೆಸರಿನಲ್ಲೇ ರೈಫಲುಗಳು ಬಂದವು. 1873ರ ಮಾದರಿಯೂ, ಜಾನ್ ಬ್ರೌನಿಂಗ್ ರೂಪಿಸಿದ 1892 ಹಾಗೂ 1894ರ ಮಾದರಿಗಳೂ ಪ್ರಸಿದ್ಧವಾದವು. 1894ರ ಮಾದರಿಯೊಂದೇ ಎಪ್ಪತ್ತು ಲಕ್ಷಕ್ಕೂ ಮೀರಿ ತಯಾರಾಗಿದೆ. ಇವಕ್ಕೆ ಪ್ರತಿಸ್ಪರ್ಧಿ ಮಾರ್ಲಿನ್ ಕಂಪೆನಿ. ಅದು 2020ರಲ್ಲಿ ರೂಗರ್ ಕಂಪೆನಿಯ ಕೈಸೇರಿತು. ಇಂದಿನ ಹೆನ್ರಿ ಕಂಪೆನಿ 1996ರಲ್ಲಿ ಹುಟ್ಟಿದ್ದು, ಹಳೆಯ ಹೆನ್ರಿಯ ಹೆಸರನ್ನು ಮಾತ್ರ ತಾಳಿದೆ. ವಿಂಚೆಸ್ಟರಿನ ನ್ಯೂ ಹೇವನ್ ಕಾರ್ಖಾನೆ 2006ರಲ್ಲಿ ಮುಚ್ಚಿತು. ಆ ಹೆಸರಿನ ಲಿವರ್ ರೈಫಲುಗಳನ್ನು ಈಗ ಜಪಾನಿನ ಮಿರೋಕು ಕಾರ್ಖಾನೆ ಮಾಡಿಕೊಡುತ್ತದೆ. ಹೆಸರಿನ ಮೋಹಕ್ಕೆ ಹಣ ಕೊಡುವವರು ಈ ವಂಶಾವಳಿಯನ್ನು ತಿಳಿದಿರುವುದು ಲೇಸು.

ಅಂಗಡಿಗೆ ಹೋದವನು ಮೊದಲು ಆರಿಸಬೇಕಾದ್ದು ಕೋವಿಯನ್ನಲ್ಲ, ತೋಟೆಯನ್ನು. ಕೋವಿಯನ್ನು ಒಮ್ಮೆ ಕೊಳ್ಳುತ್ತೇವೆ, ತೋಟೆಯನ್ನು ಪ್ರತಿ ವಾರವೂ ಕೊಳ್ಳಬೇಕು. ಪಾಯಿಂಟ್ 22ರ ತೋಟೆ ಎಲ್ಲಕ್ಕಿಂತ ಅಗ್ಗ. ಅದರ ಸದ್ದು ಕಡಮೆ. ಹೆಗಲಿಗೆ ಒದೆತವಂತೂ ಇಲ್ಲವೆಂದೇ ಹೇಳಬಹುದು. ಹೊಸಬರಿಗೆ ಅದನ್ನು ಬಿಟ್ಟು ಬೇರೆಯದನ್ನು ನಾನು ಹೇಳಲಾರೆ. ಹಾಗೆಂದು ಅದನ್ನು ಆಟಿಕೆ ಎನ್ನಬೇಡಿ: ಆ ಪುಟ್ಟ ಗುಂಡು ಒಂದು ಮೈಲಿಗಿಂತ ಹೆಚ್ಚು ದೂರ ಹೋಗಬಲ್ಲದು. ಗುರಿಯ ಹಿಂದೆ ಎತ್ತರವಾದ ಮಣ್ಣಿನ ದಿಬ್ಬ ಇಲ್ಲದ ಕಡೆ ಅದನ್ನು ಹಾರಿಸತಕ್ಕದ್ದಲ್ಲ. ಸ್ವಲ್ಪ ಗಡುಸಾದದ್ದು ಬೇಕೆಂಬವರಿಗೆ ಪಾಯಿಂಟ್ 357 ಮ್ಯಾಗ್ನಮ್ ರೈಫಲು ಒಳ್ಳೆಯದು. ಅದರಲ್ಲಿ ಪಾಯಿಂಟ್ 38 ಸ್ಪೆಷಲ್ ಎಂಬ ಮೆದುವಾದ, ಗಿಡ್ಡ ತೋಟೆಯನ್ನೂ ಹಾಕಬಹುದು. ಆದರೆ ಕೆಲವು ರೈಫಲುಗಳಿಗೆ ಗಿಡ್ಡ ತೋಟೆ ಒಗ್ಗುವುದಿಲ್ಲ, ನಡುವೆ ಸಿಕ್ಕಿಕೊಳ್ಳುತ್ತದೆ. ಕೊಳ್ಳುವ ಮುನ್ನ ಕೇಳಿ ನೋಡಬೇಕು. 1894ರ ಮಾದರಿಗೆ ಹೆಸರು ತಂದ 30-30 ತೋಟೆ ಜಿಂಕೆಯ ಬೇಟೆಗೆ ಹೇಳಿಸಿದ್ದು. ಅದನ್ನು ಹಗುರವಾದ ಕೋವಿಯಲ್ಲಿ ಒಂದು ಮಧ್ಯಾಹ್ನವೆಲ್ಲ ಹಾರಿಸಿದವನು ರಾತ್ರಿ ಆ ಮಗ್ಗುಲಿಗೆ ಮಲಗಲಾರ. ಒದೆತಕ್ಕೆ ಹೆದರಿದ ಹೆಗಲು ಕುದುರೆ ಎಳೆಯುವ ಮುನ್ನವೇ ಅಳುಕುತ್ತದೆ. ಆ ಅಳುಕು ಒಮ್ಮೆ ಮೈಗೆ ಹತ್ತಿತೆಂದರೆ ಬಿಡಿಸುವುದು ಬಹಳ ಕಷ್ಟ.

ತೋಟೆಯ ವಿಚಾರದಲ್ಲೇ ಇನ್ನೊಂದು ಎಚ್ಚರಿಕೆ. ಬಹುಪಾಲು ಲಿವರ್ ರೈಫಲುಗಳಲ್ಲಿ ತೋಟೆಗಳು ನಳಿಗೆಯ ಕೆಳಗಿನ ಕೊಳವೆಯೊಳಗೆ ಒಂದರ ಹಿಂದೊಂದು ಸಾಲಾಗಿ ನಿಲ್ಲುತ್ತವೆ. ಅಂದರೆ ಹಿಂದಿನ ಗುಂಡಿನ ಮೂತಿ ಮುಂದಿನ ತೋಟೆಯ ತಳವನ್ನು ಮುಟ್ಟಿಕೊಂಡಿರುತ್ತದೆ. 30-30ರಂಥ ತೋಟೆಗಳಲ್ಲಿ ಕಿಡಿ ಹೊತ್ತಿಸುವ ಮದ್ದು ಇರುವುದು ಆ ತಳದ ನಟ್ಟ ನಡುವೆ. ಗುಂಡಿನ ಮೂತಿ ಚೂಪಾಗಿದ್ದರೆ ಒದೆತದ ಕುಲುಕಿಗೆ ಅದು ಮೊಳೆಯಂತೆ ಕುಟ್ಟಿ, ಕೊಳವೆಯೊಳಗೇ ತೋಟೆ ಸಿಡಿಯಬಹುದು. ಆಗ ಕೊಳವೆಯನ್ನು ಹಿಡಿದಿರುವ ಎಡಗೈಯ ಗತಿ ಏನು? ಆದುದರಿಂದ ಇಂಥ ಕೋವಿಗೆ ಮೂತಿ ಚಪ್ಪಟೆಯಾದ ಗುಂಡನ್ನೇ ಹಾಕಬೇಕು, ಇಲ್ಲವೆ ಇದಕ್ಕಾಗಿಯೇ ಮಾಡಿದ ಮೆತ್ತನೆಯ ತುದಿಯ ಗುಂಡನ್ನು. ಕೊಳವೆಯೇ ಇಲ್ಲದ ಲಿವರ್ ರೈಫಲುಗಳೂ ಉಂಟು. ಸ್ಯಾವೇಜ್ 99ರಲ್ಲಿ ತೋಟೆಗಳು ಉರುಳೆಯೊಂದರ ಸುತ್ತ ಕೂಡುತ್ತವೆ, ಅದಕ್ಕೆ ಈ ಭಯವಿಲ್ಲ.

ಇನ್ನು ಮೈಗೆ ಹೊಂದಿಸುವ ಮಾತು. ಅಂಗಡಿಯಲ್ಲಿರುವ ಕೋವಿ ಯಾರೋ ಒಬ್ಬ ಸರಾಸರಿ ಅಮೆರಿಕನ್ ಗಂಡಸಿನ ಅಳತೆಯದು. ಕುದುರೆಯಿಂದ, ಅಂದರೆ ಬೆರಳಿನಲ್ಲಿ ಎಳೆಯುವ ಟ್ರಿಗರಿನಿಂದ, ಹೆಗಲಿಗೆ ಒತ್ತುವ ಮರದ ಬುಡದವರೆಗೆ ಸುಮಾರು ಹದಿಮೂರರಿಂದ ಹದಿನಾಲ್ಕು ಅಂಗುಲ. ಸಣ್ಣ ಮೈಕಟ್ಟಿನ ಹೆಂಗಸಿಗೆ, ಬೆಳೆಯುವ ಹುಡುಗನಿಗೆ ಇದು ಉದ್ದವಾಗುತ್ತದೆ. ಉದ್ದವಾದ ಕೋವಿಯನ್ನು ಹಿಡಿದವರು ಭಾರ ತಡೆಯಲು ಸೊಂಟವನ್ನು ಮುಂದಕ್ಕೆ ತಳ್ಳಿ ಬೆನ್ನನ್ನು ಹಿಂದಕ್ಕೆ ಬಾಗಿಸುತ್ತಾರೆ. ಹಾಗೆ ನಿಂತವರು ಎಷ್ಟು ವರ್ಷ ಅಭ್ಯಾಸ ಮಾಡಿದರೂ ಕೈ ನಡುಗುತ್ತಲೇ ಇರುತ್ತದೆ. ಮೊಣಕೈಯ ಒಳಮಡಿಕೆಗೆ ಕೋವಿಯ ಬುಡವನ್ನಿಟ್ಟು, ಬೆರಳು ಕುದುರೆಗೆ ಆರಾಮವಾಗಿ ಎಟಕುತ್ತದೆಯೇ ಎಂದು ನೋಡುವುದು ಹಳೆಯ ಪರೀಕ್ಷೆ. ಅದು ಕೋವಿ ಬರಿದಾಗಿದೆಯೆಂದು ಕಣ್ಣಾರೆ ನೋಡಿ, ಬೆರಳಿನಿಂದಲೂ ಮುಟ್ಟಿ ತಿಳಿದ ಮೇಲೆ ಮಾಡಬೇಕಾದ ಕೆಲಸ. ಉದ್ದ ಹೆಚ್ಚಾಗಿದ್ದರೆ ಬಲ್ಲ ಕಸುಬಿಯಿಂದ ಮರವನ್ನು ಕತ್ತರಿಸಿ ಗಿಡ್ಡ ಮಾಡಿಸಬಹುದು. ಹುಡುಗನ ಕೋವಿಯಾದರೆ ಕತ್ತರಿಸಿದ ತುಂಡನ್ನು ಎತ್ತಿಡಿ. ಎರಡು ವರ್ಷದಲ್ಲಿ ಅವನ ತೋಳು ಬೆಳೆದಾಗ ಅದೇ ತುಂಡನ್ನು ಮರಳಿ ತಿರುಪಿನಿಂದ ಕೂಡಿಸಬಹುದು.

ಬುಡದ ಆಕಾರವನ್ನೂ ನೋಡಿ. ಹಳೆಯ ಮಾದರಿಗಳಲ್ಲಿ ಬುಡಕ್ಕೆ ಬಾಲಚಂದ್ರನಂತೆ ಬಾಗಿದ ಲೋಹದ ತಗಡು ಇರುತ್ತದೆ. ನೋಡಲು ಬಲು ಚೆಂದ. ಆದರೆ ಅದನ್ನು ಎದೆಯೂ ಹೆಗಲೂ ಕೂಡುವ ಗುಳಿಗೆ ಒತ್ತಿಕೊಂಡರೆ ಚಂದ್ರನ ಎರಡು ಕೊಂಬುಗಳೂ ನೆಟ್ಟುಕೊಳ್ಳುತ್ತವೆ. ಹಿಂದಿನವರು ಅದನ್ನು ಇನ್ನೂ ಹೊರಗೆ, ತೋಳಿನ ಮೇಲೆ ಇಟ್ಟು ಹೊಡೆಯುತ್ತಿದ್ದರು. ಈಗಿನ ರೀತಿಯಲ್ಲಿ ನಿಂತು ಹೊಡೆಯುವವರಿಗೆ ಚಪ್ಪಟೆಯಾದ ಬುಡವೂ ಅದಕ್ಕೊಂದು ರಬ್ಬರಿನ ಮೆತ್ತೆಯೂ ಹಿತ. ಬಳೆಯ ಉಕ್ಕು ಬೆರಳಿನ ಗೆಣ್ಣುಗಳನ್ನು ಉಜ್ಜುವುದಾದರೆ ತೊಗಲಿನ ದಾರವನ್ನು ಒತ್ತಾಗಿ ಸುತ್ತಿಕೊಳ್ಳಬಹುದು. ಈ ಎರಡಕ್ಕೂ ತಗಲುವ ಖರ್ಚು ಅಲ್ಪ. ಕೆತ್ತನೆಗೂ ಹಿತ್ತಾಳೆಯ ಮೆರುಗಿಗೂ ಸುರಿಯುವ ಹಣದಲ್ಲಿ ಇದು ಲೆಕ್ಕಕ್ಕೇ ಬಾರದು.

ನಲವತ್ತು ದಾಟಿದವರಿಗೆ ಇದಕ್ಕಿಂತ ಮುಖ್ಯವಾದದ್ದು ಗುರಿಕಣ್ಣು. ಕಾರ್ಖಾನೆಯಿಂದ ಬರುವ ಕೋವಿಯ ನಳಿಗೆಯ ಮೇಲೆ, ನಡುವಿನಲ್ಲಿ, ಸೀಳಿದ ಒಂದು ತಗಡು. ತುದಿಯಲ್ಲಿ ಒಂದು ಮಣಿ. ತಗಡಿನ ಸೀಳು, ಮಣಿ, ದೂರದ ಗುರಿ, ಈ ಮೂರನ್ನೂ ಕಣ್ಣು ಒಟ್ಟಿಗೆ ನೋಡಬೇಕು. ಕಣ್ಣು ಒಮ್ಮೆಗೆ ಒಂದು ದೂರವನ್ನೇ ಸ್ಪಷ್ಟವಾಗಿ ಕಾಣಬಲ್ಲದು. ಎಳೆಯ ಕಣ್ಣಾದರೆ ಚುರುಕಾಗಿ ಒಂದರಿಂದ ಒಂದಕ್ಕೆ ಹೊರಳುತ್ತದೆ. ಪತ್ರಿಕೆಯನ್ನು ತೋಳುದ್ದ ಹಿಡಿದು ಓದುವ ವಯಸ್ಸಿಗೆ ಬಂದವರಿಗೆ ಸೀಳು ಬರಿಯ ಮಂಜಾಗಿ ಕಾಣುತ್ತದೆ. ಇದಕ್ಕೆ ಒಳ್ಳೆಯ ಪರಿಹಾರವೆಂದರೆ ರಂಧ್ರದ ಗುರಿಕಣ್ಣು. ಸಣ್ಣ ರಂಧ್ರವುಳ್ಳ ಬಿಲ್ಲೆಯನ್ನು ಹಿಂದಕ್ಕೆ, ಕಣ್ಣಿನ ಹತ್ತಿರಕ್ಕೆ ತಂದು ಕೂಡಿಸುತ್ತಾರೆ. ಆ ರಂಧ್ರವನ್ನು ನೋಡುವ ಅಗತ್ಯವೇ ಇಲ್ಲ, ಅದರ ಮೂಲಕ ನೋಡಿದರೆ ಸಾಕು. ಮಣಿಯನ್ನು ಕಣ್ಣು ತಾನಾಗಿಯೇ ನಡುವಿಗೆ ತರುತ್ತದೆ. ಮೇಲಾಗಿ ರಂಧ್ರಕ್ಕೂ ಮಣಿಗೂ ನಡುವಿನ ಅಂತರ ಹೆಚ್ಚಿದಷ್ಟೂ ಗುರಿಯ ತಪ್ಪು ಕಡಮೆಯಾಗುತ್ತದೆ. ಲಿವರ್ ರೈಫಲಿಗೆ ಮಾಡಿಸುವ ಮಾರ್ಪಾಡುಗಳಲ್ಲಿ ಒಂದನ್ನೇ ಆರಿಸು ಎಂದರೆ ನಾನು ಇದನ್ನೇ ಆರಿಸುವೆ.

ದುರ್ಬೀನೇ ಬೇಕೆನ್ನುವವರು ಕೊಳ್ಳುವಾಗಲೇ ಯೋಚಿಸಬೇಕು. 1982ಕ್ಕಿಂತ ಹಿಂದಿನ ವಿಂಚೆಸ್ಟರ್ 94 ಸುಟ್ಟ ತೋಟೆಯನ್ನು ನೇರವಾಗಿ ಮೇಲಕ್ಕೆ ಚಿಮ್ಮುತ್ತದೆ. ಮೇಲೆ ದುರ್ಬೀನನ್ನು ಕೂಡಿಸಿದರೆ ತೋಟೆಗೆ ದಾರಿಯೇ ಇಲ್ಲ. ಮಾರ್ಲಿನ್ 336 ಪಕ್ಕಕ್ಕೆ ಚಿಮ್ಮುತ್ತದೆ, ಅದಕ್ಕೆ ಈ ತೊಡಕಿಲ್ಲ. ಆದರೆ ದುರ್ಬೀನು ಎತ್ತರದಲ್ಲಿ ಕೂಡುವುದರಿಂದ ಕೆನ್ನೆಗೆ ಮರದ ಆಸರೆ ತಪ್ಪುತ್ತದೆ. ಮರದ ಮೇಲೆ ತೊಗಲಿನ ಕೆನ್ನೆಮೆತ್ತೆಯನ್ನು ಕಟ್ಟಿ ಏರಿಸಿಕೊಳ್ಳಬೇಕು.

ಕೈ ಹಾಕಬಾರದ ಜಾಗವೂ ಒಂದುಂಟು. ಅದು ಕುದುರೆ ಮತ್ತು ಹ್ಯಾಮರಿನ ಒಳಗಿನ ಹಲ್ಲುಗಳು. ಕುದುರೆ ಬಿಗಿಯಾಗಿದೆಯೆಂದು ಮನೆಯಲ್ಲಿ ಅರ ಹಿಡಿದು ಉಜ್ಜುವವರು ಉಂಟು. ಆ ಹಲ್ಲುಗಳು ಕೂದಲೆಳೆಯಷ್ಟು ಸವೆದರೂ ಸಾಕು, ಕೋವಿ ನೆಲಕ್ಕೆ ತಾಗಿದೊಡನೆ ತಾನೇ ಹಾರಬಹುದು. ಇದು ಪರವಾನಗಿ ಪಡೆದ ಕಸುಬಿಯ ಕೆಲಸ. ಹಳೆಯ ಮಾದರಿಗಳಲ್ಲಿ ಹ್ಯಾಮರನ್ನು ಅರ್ಧಕ್ಕೆ ನಿಲ್ಲಿಸುವುದೇ ಭದ್ರತೆ. ತೋಟೆ ಒಳಗಿರುವಾಗ ಎತ್ತಿದ ಹ್ಯಾಮರನ್ನು ಹೆಬ್ಬೆರಳಿನಿಂದ ಮೆಲ್ಲನೆ ಇಳಿಸುವ ಗಳಿಗೆಯೇ ಈ ಕೋವಿಯ ಅತ್ಯಂತ ಅಪಾಯದ ಗಳಿಗೆ. ಬೆವರಿದ ಹೆಬ್ಬೆರಳು ಜಾರಿದರೆ ಗುಂಡು ಹೊರಟಿತು. ಕೋವಿಯ ಮೂತಿ ಮಣ್ಣಿನ ದಿಬ್ಬದ ಕಡೆಗಿರುವಾಗ ಮಾತ್ರ ಇದನ್ನು ಮಾಡತಕ್ಕದ್ದು. ಅದಕ್ಕೂ ಮೊದಲು ಬರಿಯ ಕೋವಿಯಲ್ಲಿ ನೂರು ಸಲ ಅಭ್ಯಾಸ ಮಾಡಿರಬೇಕು.

ಹಳೆಯ ಕೋವಿಯನ್ನು ಕೊಳ್ಳುವವರು ತಿರುಪುಗಳ ತಲೆಯನ್ನು ನೋಡಿ. ಅವು ಕಚ್ಚಿ ಹರಿದಂತಿದ್ದರೆ ಅರೆಬರೆ ಬಲ್ಲವನೊಬ್ಬ ಒಳಗೆ ಕೈಯಾಡಿಸಿದ್ದಾನೆಂದೇ ಅರ್ಥ. ನಳಿಗೆಯ ಒಳಗೆ ಬೆಳಕು ಬಿಟ್ಟು ತುಕ್ಕಿನ ಗುಳಿಗಳನ್ನು ಹುಡುಕಿ. 1964ಕ್ಕಿಂತ ಹಿಂದಿನ ವಿಂಚೆಸ್ಟರಿಗೆ ಸಂಗ್ರಾಹಕರಲ್ಲಿ ಬೆಲೆ ಹೆಚ್ಚು, ಏಕೆಂದರೆ ಆ ವರ್ಷದಿಂದ ಕಾರ್ಖಾನೆ ಖರ್ಚು ತಗ್ಗಿಸಲು ತಯಾರಿಕೆಯ ಕ್ರಮವನ್ನೇ ಬದಲಿಸಿತು. ಅಂಥದು ಸಿಕ್ಕರೆ ಹೊಳಪು ಕೊಡಿಸಿ ಹಾಳುಮಾಡಬೇಡಿ. ಹಳೆಯ ಬಣ್ಣ ಹೋದರೆ ಬೆಲೆಯೂ ಹೋಯಿತು.

ಹೊಡೆದು ಮುಗಿದ ಮೇಲೆ ನಳಿಗೆಯನ್ನು ಒರಸುವಾಗ ಒಂದು ಸೂಕ್ಷ್ಮವಿದೆ. ಮಾರ್ಲಿನ್ 336ರಲ್ಲಿ ಬಳೆಯ ಒಂದು ತಿರುಪನ್ನು ಬಿಚ್ಚಿದರೆ ಹಿಂಭಾಗ ತೆರೆದು, ಹಿಂದಿನಿಂದಲೇ ಸಲಾಕಿ ಹಾಕಬಹುದು. ವಿಂಚೆಸ್ಟರ್ 94ರಲ್ಲಿ ಅಷ್ಟು ಸುಲಭವಲ್ಲ, ಮೂತಿಯಿಂದಲೇ ಹಾಕಬೇಕು. ಸಲಾಕಿ ಮೂತಿಯ ಅಂಚನ್ನು ಉಜ್ಜಿ ಸವೆಸದಂತೆ ಹಿತ್ತಾಳೆಯ ಬಿರಡೆಯೊಂದನ್ನು ಬಳಸಿ. ಅಂಚು ಕೆಟ್ಟರೆ ಗುಂಡು ಸೊಟ್ಟ ಹೊರಡುತ್ತದೆ. ಕೋವಿ ಒಂದು ಬೀಗದಲ್ಲಿ, ತೋಟೆ ಇನ್ನೊಂದು ಬೀಗದಲ್ಲಿ ಇರಲಿ.

ರೇಂಜಿಗೆ ಒಯ್ದ ಚೀಲವನ್ನೇ ಊರಿಗೆ ಬರುವಾಗಲೂ ಹೆಗಲಿಗೇರಿಸುವ ಅಭ್ಯಾಸ ಹುಡುಗರಲ್ಲಿ ಉಂಟು. ಜೇಬಿನ ಮೂಲೆಯಲ್ಲಿ ಉಳಿದ ಒಂದೇ ಒಂದು ತೋಟೆ ಭಾರತದ ವಿಮಾನ ನಿಲ್ದಾಣದಲ್ಲಿ ಕಂಡುಬಂದರೂ ಸಾಕು, 1959ರ ಆಯುಧ ಕಾಯಿದೆಯ ಕೆಳಗೆ ಮೊಕದ್ದಮೆ ಎದುರಿಸಬೇಕಾದೀತು. ಹೊರಡುವ ಹಿಂದಿನ ರಾತ್ರಿ ಚೀಲವನ್ನು ತಲೆಕೆಳಗು ಮಾಡಿ ಕೊಡವಿ, ಪ್ರತಿಯೊಂದು ಜೇಬಿಗೂ ಕೈ ಹಾಕಿ ನೋಡುವಂತೆ ಫೋನು ಮಾಡಿ ತಿಳಿಸಿ.