ಚೌಕಟ್ಟಿನೊಳಗೆ ಒಂದು ನದಿ
(ವಿದ್ಯಾರ್ಥಿಗಳ ನಿಸರ್ಗ ಶಿಬಿರದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಬೆಟ್ಟದ ತುದಿಯಲ್ಲಿ ನಿಂತಾಗ ಕಂಡ ಸೊಬಗು ಚಿತ್ರದಲ್ಲೇಕೆ ಕಾಣುವುದಿಲ್ಲ? ಛಾಯಾಚಿತ್ರ ತೆಗೆಯುವ ಬಹುತೇಕರ ಕೊರಗು ಇದು. ಕಣ್ಣು ತನಗೆ ಬೇಕಾದುದನ್ನು ಆರಿಸಿ ನೋಡುತ್ತದೆ. ಕ್ಯಾಮೆರಾ ಎದುರಿಗಿದ್ದುದನ್ನೆಲ್ಲ ಒಂದೇ ಸಮನೆ ದಾಖಲಿಸುತ್ತದೆ. ಹಾಗಾಗಿ ಆಯ್ಕೆಯ ಹೊಣೆ ಛಾಯಾಗ್ರಾಹಕರದು. ಚೌಕಟ್ಟಿನಲ್ಲಿ ಯಾವುದಿರಬೇಕು, ಎಲ್ಲಿರಬೇಕು, ಯಾವುದು ಇರಬಾರದು ಎಂಬ ನಿರ್ಧಾರವೇ ಚಿತ್ರಸಂಯೋಜನೆ.

ಈ ನಿರ್ಧಾರದ ಬೆಲೆಯನ್ನು ಆಸ್ಟ್ರೇಲಿಯದ ಟಾಸ್ಮೇನಿಯ ದ್ವೀಪದ ಒಂದು ಚಿತ್ರ ತೋರಿಸಿಕೊಟ್ಟಿದೆ. ಅಲ್ಲಿನ ಪೆಡ್ಡರ್ ಸರೋವರ 1972ರಲ್ಲಿ ವಿದ್ಯುತ್ ಯೋಜನೆಯೊಂದರ ನೀರಿನಡಿ ಮುಳುಗಿತು. ಮುಂದೆ ಫ್ರಾಂಕ್ಲಿನ್ ನದಿಗೂ ಅದೇ ಗತಿ ಕಾದಿತ್ತು. ಪೀಟರ್ ಡಾಂಬ್ರೊವ್‌ಸ್ಕಿಸ್ ಎಂಬ ಛಾಯಾಗ್ರಾಹಕರು ಭಾರವಾದ ಕ್ಯಾಮೆರಾ ಹೊತ್ತು ಆ ನದಿಯ ಕಣಿವೆಗಿಳಿದು, 1979ರಲ್ಲಿ ಬೆಳಗಿನ ಮಂಜಿನ ನಡುವೆ ಒಂದು ತಿರುವನ್ನು ಚಿತ್ರಿಸಿದರು. 1983ರ ಮಾರ್ಚ್ 5ರ ಚುನಾವಣೆಗೆ ಮುನ್ನ ಆ ಚಿತ್ರ ಪತ್ರಿಕೆಗಳಲ್ಲಿ ಪೂರ್ಣಪುಟದ ಬಣ್ಣದ ಜಾಹೀರಾತಾಗಿ ಬಂದಿತು. ನದಿಯನ್ನು ಎಂದೂ ಕಾಣದವರೂ ಕಳೆದುಕೊಳ್ಳಲಿರುವುದೇನೆಂದು ಕಂಡರು. ಚಿತ್ರವೊಂದೇ ನದಿಯನ್ನು ಉಳಿಸಿತೆನ್ನಲಾಗದು. 1982ರ ಡಿಸೆಂಬರಿನಲ್ಲಿ ಆರಂಭವಾದ ತಡೆಯಲ್ಲಿ ಸಾವಿರಕ್ಕೂ ಮಿಕ್ಕಿ ಜನ ಬಂಧಿತರಾಗಿದ್ದರು. 1983ರ ಜುಲೈ 1ರಂದು ದೇಶದ ಅತ್ಯುನ್ನತ ನ್ಯಾಯಾಲಯವು 4–3ರ ಬಹುಮತದಿಂದ ನೀಡಿದ ತೀರ್ಪಿನಿಂದ ಅಣೆಕಟ್ಟೆ ನಿಂತಿತು.

ಆ ಚಿತ್ರದಲ್ಲಿರುವುದು ಬಹಳ ಕಡಿಮೆ: ನದಿಯ ನಡುವೆ ಕಪ್ಪು ಬಂಡೆ, ಅದರ ಸುತ್ತ ಬಿಳಿಯ ಹರಿವು, ಹಿಂದೆ ಮಂಜು ಕವಿದ ಕಾಡು. ಅದರಿಂದ ಕಲಿಯಬಹುದಾದ ಪಾಠಗಳು ಹಲವು.

ಮೊದಲನೆಯದು, ಕಣ್ಣಿಗೊಂದು ನೆಲೆ. ಬಂಡೆ, ಒಂಟಿ ಮರ, ದೇವರಬನದ ಅಂಚು, ಇಂಥದೊಂದು ಇಲ್ಲದ ಚಿತ್ರದಲ್ಲಿ ನೋಟ ಅಲೆದು ದಣಿಯುತ್ತದೆ.

ಎರಡನೆಯದು, ದಾರಿ. ಹಳ್ಳ, ಕಾಲುದಾರಿ, ಹುಲ್ಲುಗಾವಲು ಶೋಲಾ ಕಾಡನ್ನು ಸೇರುವ ಗೆರೆ, ಇವು ನೋಟವನ್ನು ಒಳಗೆ ಕರೆದೊಯ್ಯುತ್ತವೆ. ಗೆರೆಯು ಚೌಕಟ್ಟಿನ ಮೂಲೆಯ ಬಳಿಯಿಂದ ಓರೆಯಾಗಿ ಸಾಗಿದರೆ ಆಳ ಹೆಚ್ಚುತ್ತದೆ.

ಮೂರನೆಯದು, ಮುನ್ನೆಲೆ. ಮಂಡಿಯೂರಿ ಕುಳಿತು, ಹತ್ತಿರದ ಕಲ್ಲನ್ನೋ ಹೂವನ್ನೋ ಸೇರಿಸಿಕೊಂಡರೆ ದೂರದ ಶಿಖರದ ದೂರ ಅರಿವಾಗುತ್ತದೆ. ಎತ್ತರ ತಿಳಿಯಬೇಕಾದಲ್ಲಿ ಒಬ್ಬ ಮನುಷ್ಯ ಅಥವಾ ಒಂದು ಹಸು ಸಾಕು.

ನಾಲ್ಕನೆಯದು, ದಿಗಂತ. ಅದನ್ನು ನಟ್ಟನಡುವೆ ಇಡದೆ, ಮೇಲಿನ ಅಥವಾ ಕೆಳಗಿನ ಮೂರನೆಯ ಒಂದು ಭಾಗದ ಬಳಿ ಇಡುವುದು ವಾಡಿಕೆ. ಆದರೆ ಇದು ಕಟ್ಟಳೆಯಲ್ಲ. ನಿಶ್ಚಲ ಕೆರೆಯಲ್ಲಿ ಬೆಟ್ಟದ ಪ್ರತಿಬಿಂಬವಿದ್ದಾಗ ನಡುವೆಯೇ ಇಡಬಹುದು. ಬರಿದಾದ ಆಕಾಶವನ್ನು ಪೂರ್ತಿ ಬಿಟ್ಟರೂ ನಷ್ಟವಿಲ್ಲ.

ಐದನೆಯದು, ಬೆಳಕು. ನಡುಹಗಲಿನ ಬಿಸಿಲು ಕಾಡನ್ನು ಚುಕ್ಕಿಚುಕ್ಕಿಯಾಗಿ ಒಡೆಯುತ್ತದೆ. ಬೆಳಗಿನ ಮಂಜು ಒಂದರ ಹಿಂದೊಂದು ಬೆಟ್ಟಗಳನ್ನು ಬಿಡಿಸಿಟ್ಟು, ಬೇಡದ ವಿವರವನ್ನು ಅಳಿಸುತ್ತದೆ. ಮಲೆನಾಡಿನವರಿಗೆ ಇದು ಬಿಟ್ಟಿಯಾಗಿ ದೊರೆಯುವ ಸಾಧನ.

ಆದರೆ ಅಳಿಸುವ ಶಕ್ತಿಗೆ ಇನ್ನೊಂದು ಮುಖವಿದೆ. ಕುದುರೆಮುಖದ ಹಸಿರನ್ನಷ್ಟೇ ಚೌಕಟ್ಟಿಗೆ ತಂದು, 2005ರ ಕೊನೆಗೆ ಸ್ಥಗಿತಗೊಂಡ ಗಣಿಯ ಗಾಯವನ್ನು ಸದಾ ಹೊರಗಿಟ್ಟರೆ, ಸುಂದರ ಚಿತ್ರಗಳೆಲ್ಲ ಸೇರಿ ಒಂದು ಸುಳ್ಳನ್ನು ಹೇಳುತ್ತವೆ. ಗಾಯದ ಚಿತ್ರಕ್ಕೂ ನೆಲೆ, ದಾರಿ, ಬೆಳಕು ಬೇಕು. ಅಡ್ಡಾದಿಡ್ಡಿ ತೆಗೆದ ಚಿತ್ರವನ್ನು ಯಾರೂ ನಿಂತು ನೋಡುವುದಿಲ್ಲ.

ಪ್ರತಿ ಊರಿನ ಹುಡುಗ ಹುಡುಗಿಯರು ಇಷ್ಟು ಮಾಡಬಹುದು. ಊರಿನ ಗುಡ್ಡವೋ ಹಳ್ಳವೋ ಚೆನ್ನಾಗಿ ಕಾಣುವ ಒಂದು ಸ್ಥಳವನ್ನು ಆರಿಸಿ, ನಿಂತ ಕಲ್ಲನ್ನು ಗುರುತಿಟ್ಟುಕೊಂಡು, ಪ್ರತಿವರ್ಷ ಅದೇ ತಿಂಗಳಲ್ಲಿ, ಅದೇ ಹೊತ್ತಿನಲ್ಲಿ, ಅದೇ ಚೌಕಟ್ಟಿನಲ್ಲಿ ಚಿತ್ರ ತೆಗೆಯಬೇಕು. ಹಿಂದೆ ದಿನಾಂಕ ಬರೆದಿಡಬೇಕು. ಹತ್ತು ವರ್ಷಗಳ ತರುವಾಯ ಯಾರಾದರೂ ಬಂದು, ಇಲ್ಲಿ ಕಾಡೇ ಇರಲಿಲ್ಲವೆಂದರೆ, ಆ ಹತ್ತು ಚಿತ್ರಗಳು ಊರಿನ ಪರವಾಗಿ ಸಾಕ್ಷಿ ಹೇಳುತ್ತವೆ.